ತೇಗದ ಡೆಕ್ ಮೂರೇ ಮಳೆಗಾಲಕ್ಕೆ ಮೆತ್ತಗಾಗಿದ್ದೇಕೆ?

ಓದುಗರ ಪ್ರಶ್ನೆ:

"ನಮ್ಮದು ಕೊಪ್ಪ ತಾಲ್ಲೂಕಿನಲ್ಲಿ ಅಡಿಕೆ ತೋಟದ ಮನೆ. ಮೂರು ವರ್ಷದ ಹಿಂದೆ ಮಗನ ಆಸೆಗೆ ಮನೆಯ ಹಿಂಬದಿ, ತೋಟ ಕಾಣುವ ಹಾಗೆ, ಇಪ್ಪತ್ತಡಿ ಉದ್ದ ಹನ್ನೆರಡಡಿ ಅಗಲದ ಮರದ ಡೆಕ್, ಅಂದರೆ ಕಂಬ ತೊಲೆಗಳ ಮೇಲೆ ಹಲಗೆ ಹಾಸಿದ ಕಟ್ಟೆ, ಮಾಡಿಸಿದೆವು. ಮೇಲೆ ಮಾಡು ಇಲ್ಲ, ಬಯಲು. ಹಲಗೆ ನಮ್ಮದೇ ಜಾಗದ ತೇಗದ್ದು, ಇಪ್ಪತ್ತೈದು ವರ್ಷದ ಮರ ಇರಬಹುದು. ಕೆಳಗಿನ ತೊಲೆಗಳು ಸಿಲ್ವರ್ ಓಕ್. ಕಂಬಗಳನ್ನು ಗುಂಡಿ ತೆಗೆದು ಸುತ್ತ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದಾರೆ. ಮೊದಲ ವರ್ಷ ಫಳಫಳ ಹೊಳೆಯುತ್ತಿತ್ತು. ಎರಡನೇ ಮಳೆಗಾಲಕ್ಕೆ ವಾರ್ನಿಶ್ ಸಿಪ್ಪೆ ಎದ್ದಿತು, ಮರ ಬೂದಿ ಬಣ್ಣಕ್ಕೆ ತಿರುಗಿತು. ಈ ಸಲ ಶ್ರಾವಣದಲ್ಲಿ ನಮ್ಮ ಮಾವನವರು ಅಲ್ಲೇ ಹಾವಸೆಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಈಗ ಮೆಟ್ಟಿಲಿನ ಹತ್ತಿರ ಎರಡು ಹಲಗೆ, ಕಾಲಿಟ್ಟರೆ ಮೆತ್ತಗೆ ಕುಸಿದಂತಾಗುತ್ತದೆ. ಮೊಳೆಗಳ ಸುತ್ತ ಕಪ್ಪು ಕಲೆ. ಆಚಾರ್ರು ಸುಟ್ಟ ಇಂಜಿನ್ ಆಯಿಲ್ ಬಳಿಯಿರಿ ಅನ್ನುತ್ತಾರೆ. ಪಕ್ಕದ ತೋಟದವರು ಔಷಧಿ ಹೊಡೆಯುವಾಗ ಉಳಿದ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಅದಕ್ಕೂ ಹೊಡೆಸಿಬಿಡಿ ಅಂದರು. ಬೆಂಗಳೂರಲ್ಲಿರುವ ಮಗ ಎಲ್ಲ ಕಿತ್ತು ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಹಾಕಿಸೋಣ ಅನ್ನುತ್ತಾನೆ. ತೇಗ ಕೊಳೆಯುವುದಿಲ್ಲ ಅನ್ನುವುದು ಹಾಗಾದರೆ ಸುಳ್ಳೇ? ಮುಂದಿನ ಮಳೆಗಾಲಕ್ಕೆ ಟಾರ್ಪಾಲು ಹೊದಿಸಿಟ್ಟರೆ ಸಾಕೇ? ಅಡಿಕೆ ಗೊನೆಯ ಕೊಯ್ಲು ಶುರುವಾಗಿದೆ. ಹೋದ ವರ್ಷದ ಹಾಗೆ ಅದರ ಮೇಲೆ ಬೇಯಿಸಿದ ಅಡಿಕೆ ಹರವಬಹುದೇ?"

ಉತ್ತರ:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಕೊಯ್ಲು ನನ್ನ ಉತ್ತರಕ್ಕೆ ಕಾಯುವುದಿಲ್ಲವಲ್ಲ. ಈ ವರ್ಷ ಆ ಡೆಕ್ ಮೇಲೆ ಅಡಿಕೆ ಹರವಬೇಡಿ. ಹರವುವವರು, ಕೈಯಾಡಿಸುವವರು, ಸಂಜೆ ಬಾಚಿ ತುಂಬುವವರು ಎಂದು ದಿನಕ್ಕೆ ಹತ್ತು ಸಲ ಜನ ಓಡಾಡುವ ಕೆಲಸ ಅದು. ಕೆಳಗಿನ ತೊಲೆಗಳು ಹೇಗಿವೆ ಎಂದು ನೋಡುವ ತನಕ ಅಷ್ಟು ಓಡಾಟ ಬೇಡ. ಮೆಟ್ಟಿಲ ಹತ್ತಿರದ ಆ ಎರಡು ಹಲಗೆಗೆ ಇವತ್ತೇ ಒಂದು ಬೆಂಚು ಅಡ್ಡ ಇಟ್ಟುಬಿಡಿ.

ನಿಮ್ಮ ಪತ್ರದಲ್ಲಿ ನಾಲ್ಕು ತೊಂದರೆಗಳಿವೆ: ಬೂದಿ ಬಣ್ಣ, ಕಪ್ಪು ಕಲೆ, ಹಾವಸೆ, ಮೆತ್ತಗಾದ ಹಲಗೆ. ನಾಲ್ಕೂ ಒಂದೇ ರೋಗದ ಲಕ್ಷಣ ಎಂದು ನಿಮಗೆ ಅನ್ನಿಸಿದೆ, ಹೇಳಿದವರಿಗೂ ಹಾಗೇ ಅನ್ನಿಸಿದೆ. ಅದಕ್ಕೇ ಎಲ್ಲರೂ ಮೇಲೆ ಬಳಿಯುವ ಏನೋ ಒಂದನ್ನು ಹೇಳುತ್ತಿದ್ದಾರೆ. ನಿಜಕ್ಕೂ ಇವು ನಾಲ್ಕೂ ಬೇರೆ ಬೇರೆ. ಚಿಂತೆ ಮಾಡಬೇಕಾದದ್ದು ಕೊನೆಯ ಎರಡಕ್ಕೆ ಮಾತ್ರ.

ಬೂದಿ ಬಣ್ಣ ಬಿಸಿಲಿನದ್ದು. ಮರದ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಎಂಬ ವಸ್ತುವನ್ನು ಬಿಸಿಲಿನ ನೇರಳಾತೀತ ಕಿರಣ ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಉಳಿದ ನಾರು ಬೆಳ್ಳಿಯ ಹಾಗೆ ಕಾಣುತ್ತದೆ. ಈ ಪದರ ಒಂದು ಮಿಲಿಮೀಟರೂ ದಪ್ಪ ಇರುವುದಿಲ್ಲ. ಉಳಿಯಿಂದ ಒಂದು ಕಡೆ ಕೆರೆದು ನೋಡಿ, ಕೆಳಗೆ ಹೊಸ ಮರದ ಬಣ್ಣವೇ ಇರುತ್ತದೆ. ನೋಡಲು ಇಷ್ಟವಾದರೆ ಹಾಗೇ ಬಿಡಬಹುದು.

ಕಪ್ಪು ಕಲೆಯ ಅರ್ಧ ಉತ್ತರ ನಿಮ್ಮ ಅಡಿಕೆಯಲ್ಲೇ ಇದೆ. ತೇಗದಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಇದೆ, ಬೇಯಿಸಿದ ಅಡಿಕೆಯಿಂದ ಇಳಿಯುವ ಚೊಗರಿನಲ್ಲಂತೂ ತುಂಬಿದೆ. ಟ್ಯಾನಿನ್ನು ಕಬ್ಬಿಣಕ್ಕೆ ತಾಗಿ ನೀರೂ ಸೇರಿದರೆ ಆಗುವುದು ಶಾಯಿ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ಮಾಡುತ್ತಿದ್ದ ಒಂದು ಬಗೆಯೇ ಅದು. ಕಲೆಯಿಂದ ಮರಕ್ಕೆ ಹಾನಿಯಿಲ್ಲ. ಆದರೆ ಮೊಳೆ ತುಕ್ಕು ಹಿಡಿಯುತ್ತಿದೆ ಎಂಬ ಸುದ್ದಿ ಅದರಲ್ಲಿದೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿದ್ದರೆ ಕಲೆಯೂ ಇಲ್ಲ, ಸುದ್ದಿಯೂ ಇಲ್ಲ. ಇನ್ನು ಮುಂದೆ ಒಂದೊಂದು ಹಲಗೆ ಬಿಚ್ಚಿದಾಗಲೂ ಮೊಳೆ ಬಿಟ್ಟು 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ.

ಈಗ ತೇಗದ ಮಾತಿಗೆ ಬರೋಣ.

ತೇಗ ಕೊಳೆಯುವುದಿಲ್ಲ ಎಂಬ ನಂಬಿಕೆ ಹುಟ್ಟಿದ್ದು ಹಳೆ ಮನೆಗಳ ಕಂಬ, ಬಾಗಿಲುವಾಡಗಳನ್ನು ನೋಡಿ. ಆ ಮರ ನೂರು ವರ್ಷ ಕಾಡಿನಲ್ಲಿ ನಿಧಾನವಾಗಿ ಬೆಳೆದದ್ದು. ಆಚಾರ್ರು ಅದರ ಹೊರಗಿನ ಬಿಳಿ ಭಾಗವನ್ನು ಕೆತ್ತಿ ಎಸೆದು, ಒಳಗಿನ ಚೇಗನ್ನು ಮಾತ್ರ ಬಳಸುತ್ತಿದ್ದರು. ಗೆದ್ದಲಿಗೆ ಒಗ್ಗದ ಟೆಕ್ಟೋಕ್ವಿನೋನ್ ಎಂಬ ವಸ್ತು ಇರುವುದು ಚೇಗಿನಲ್ಲಿ. ಹೊರಗಿನ ಬಿಳಿ ಮರಕ್ಕೆ ಆ ರಕ್ಷಣೆ ಇಲ್ಲವೇ ಇಲ್ಲ. ತೇಗದ ಬಿಳಿ ಭಾಗಕ್ಕೂ ಯಾವುದೋ ಅಗ್ಗದ ಜಾತಿ ಮರಕ್ಕೂ ಒರಲೆಯ ಬಾಯಲ್ಲಿ ಏನೂ ವ್ಯತ್ಯಾಸವಿಲ್ಲ. ಇಪ್ಪತ್ತೈದು ವರ್ಷದ ತೋಟದ ಮರದಲ್ಲಿ ಸುತ್ತಲೂ ಸುಮಾರು ಒಂದು ಇಂಚು ಬಿಳಿ ಭಾಗ ಇರುತ್ತದೆ, ಕೆಲವದರಲ್ಲಿ ಇನ್ನೂ ಹೆಚ್ಚು. ಕಾಂಡವೇ ಸಣ್ಣದಾದ್ದರಿಂದ ಕೊಯ್ದ ಪ್ರತಿಯೊಂದು ಹಲಗೆಯ ಅಂಚಿಗೂ ಅದು ಬಂದೇ ಬರುತ್ತದೆ. ನಿಮ್ಮ ಮೆತ್ತಗಾದ ಹಲಗೆಗಳ ಅಂಚು ನೋಡಿ, ಕೊಳೆತ ಕಡೆ ಬಿಳಿ ಭಾಗ ಇದ್ದೇ ಇರುತ್ತದೆ ಎಂದು ನನ್ನ ಅಂದಾಜು.

ಇನ್ನೊಂದು ವಿಷಯ. ಮರದ ಬಾಳಿಕೆಯನ್ನು ನಮ್ಮಲ್ಲಿ ಅಳೆಯುವುದು ಸಣ್ಣ ಗೂಟಗಳನ್ನು ಮಣ್ಣಿನಲ್ಲಿ ಅರ್ಧ ಹೂತಿಟ್ಟು. ವರ್ಷಗಟ್ಟಲೆ ಕಾದು ಯಾವುದು ಎಷ್ಟು ಕಾಲ ನಿಂತಿತು ಎಂದು ನೋಡುತ್ತಾರೆ. ಈ ಕೆಲಸಕ್ಕೆ ಸಾಲಾಗಿ ಗೂಟ ನೆಟ್ಟ ಜಾಗಕ್ಕೆ ಮರವಿಜ್ಞಾನಿಗಳು ಇಟ್ಟ ಹೆಸರೇ 'ಸ್ಮಶಾನ'. ಭಾರತೀಯ ಮಾನಕದ ಪ್ರಕಾರ ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಾಳಿದ ಮರ ಮೊದಲ ದರ್ಜೆ, 60 ತಿಂಗಳೂ ಬಾಳದ್ದು ಮೂರನೇ ದರ್ಜೆ. ತೇಗದ ಚೇಗು ಮೊದಲ ದರ್ಜೆಯದ್ದು. ಆದರೂ ಲೆಕ್ಕ ಶುರುವಾಗುವುದು ಹತ್ತು ವರ್ಷದಿಂದ, ಶಾಶ್ವತ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಹಾಗಾದರೆ ಅಜ್ಜನ ಮನೆಯ ಕಂಬ ಹೇಗೆ ನಿಂತಿತು? ಅದು ಮಳೆಯಲ್ಲಿ ನಿಂತಿರಲಿಲ್ಲ. ಮೂರು ನಾಲ್ಕಡಿ ಚಾಚಿದ ಮಾಡಿನ ಒಳಗೆ, ಕಲ್ಲಿನ ಮೇಲೆ ನಿಂತಿತ್ತು. ಆರಿದ್ರೆ ಮಳೆಗೆ ಇರಚಲು ಹೊಡೆಯುತ್ತದೆ ಎಂದು ಸೋಗೆ ತಟ್ಟಿ ಕಟ್ಟುತ್ತಿದ್ದರು. ಬಯಲಿಗೆ ಬಿಟ್ಟ ಅಂಗಳಕ್ಕೆ ಅವರು ಎಂದೂ ಮರ ಹಾಸಲಿಲ್ಲ, ಮಣ್ಣು ಬಡಿದು ಸಗಣಿ ಸಾರಿಸಿದರು. ಡೆಕ್ ಎನ್ನುವುದು ನಮ್ಮ ಮಳೆಗೆ ಹುಟ್ಟಿದ ವಸ್ತುವಲ್ಲ. ಮಾಡಬಾರದು ಎಂದಲ್ಲ, ನಾನೇ ಎಷ್ಟೋ ಮಾಡಿಸಿದ್ದೇನೆ. ಆದರೆ ಚಿತ್ರದಲ್ಲಿ ನೋಡಿದ್ದನ್ನು ಇಲ್ಲಿಗೆ ತರುವಾಗ ಕೆಳಗಿನ ಭಾಗವನ್ನು ಬದಲಿಸಿಕೊಳ್ಳಬೇಕು.

ಕೊಳೆಯುವುದೆಂದರೆ ಶಿಲೀಂಧ್ರ ಮರವನ್ನು ತಿನ್ನುವುದು. ಕೊಳೆರೋಗ ಕಂಡ ತೋಟದವರಿಗೆ ಶಿಲೀಂಧ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮರದ ಒಣ ತೂಕಕ್ಕೆ ಹೋಲಿಸಿದರೆ ನೀರಿನ ಪಾಲು ಶೇ. 20ಕ್ಕಿಂತ ಕೆಳಗಿದ್ದರೆ ಅದಕ್ಕೆ ಬದುಕು ಸಾಗುವುದಿಲ್ಲ. ಶೇ. 28-30 ದಾಟಿ ತಿಂಗಳುಗಟ್ಟಲೆ ಹಾಗೇ ಇದ್ದರೆ ಅದಕ್ಕೆ ಹಬ್ಬ. ಮಳೆ ಬಿದ್ದು ಎರಡು ದಿನದಲ್ಲಿ ಒಣಗುವ ಹಲಗೆಗೆ ಏನೂ ಆಗುವುದಿಲ್ಲ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗುವ ಮಾತೇ ಇಲ್ಲ. ಆದ್ದರಿಂದ ಮಳೆ ನಿಂತ ಮೇಲೆ ಎಷ್ಟು ಬೇಗ ಒಣಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಲಗೆಯ ಮೇಲ್ಮೈ ಒಂದು ವಾರದಲ್ಲಿ ಒಣಗಬಹುದು. ಹಲಗೆ ತೊಲೆಯ ಮೇಲೆ ಕೂತಿರುವ ಆ ಎರಡಿಂಚು ಜಾಗ, ಹಲಗೆಯ ಕೊಯ್ದ ತುದಿ, ಮೊಳೆಯ ತೂತು, ಕಂಬದ ಬುಡ, ಇವು ಕಾರ್ತಿಕ ಮಾಸಕ್ಕೂ ಹಸಿಯಾಗೇ ಇರುತ್ತವೆ. ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಯಿಂದ. ಬದುಕಿದ್ದಾಗ ಬೇರಿನಿಂದ ನೀರು ಏರಿಸಿದ ಕೊಳವೆಗಳ ಬಾಯಿ ತೆರೆದಿರುವುದು ಅಲ್ಲೇ ತಾನೆ.

ಸಂದಿಯ ವಿಷಯ ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ. ಬೇಸಿಗೆಯಲ್ಲಿ ಹಲಗೆ ಜೋಡಿಸಿದ್ದರೆ ಅಂದವಾಗಿ ಕಾಣಲೆಂದು ಒಂದಕ್ಕೊಂದು ತಾಗಿಸಿರುತ್ತಾರೆ. ತೇಗ ಬಹಳ ಕಡಿಮೆ ಹಿಗ್ಗುವ ಮರ. ಆದರೂ ಆರಿಂಚು ಅಗಲದ ಹಲಗೆ ಮಾರ್ಚ್ ತಿಂಗಳ ಒಣಗಿನಿಂದ ಜುಲೈ ತಿಂಗಳ ಹಸಿಗೆ ಬರುವಾಗ ಸುಮಾರು ಮೂರು ಮಿಲಿಮೀಟರ್ ಅಗಲವಾಗುತ್ತದೆ. ಸಂದಿ ಮುಚ್ಚಿಹೋಗಿ ಗಾಳಿಯಾಡುವುದಿಲ್ಲ, ನೀರು ಇಳಿಯುವುದಿಲ್ಲ, ಅಡಿಕೆ ಹೂವು, ತರಗೆಲೆ ಕೂತು ಗೊಬ್ಬರವಾಗುತ್ತದೆ. ಒಣಗಿದ ಹಲಗೆಗೆ ಐದಾರು ಮಿಲಿಮೀಟರ್ ಸಂದಿ ಬಿಡಲೇಬೇಕು.

ನನಗೆ ಹಲಗೆಗಿಂತ ಹೆಚ್ಚು ಭಯ ನಿಮ್ಮ ತೊಲೆ ಮತ್ತು ಕಂಬದ್ದು. ಸಿಲ್ವರ್ ಓಕ್ ಮನೆಯೊಳಗಿನ ಪೀಠೋಪಕರಣಕ್ಕೆ ಚೆನ್ನ, ಮಳೆಗೆ ಬಿಟ್ಟ ಕೆಲಸಕ್ಕೆ ಅದು ಮರವೇ ಅಲ್ಲ. ಕಾಣುವ ಕಡೆ ಒಳ್ಳೆಯದು ಹಾಕಿ ಕಾಣದ ಕಡೆ ಸಿಕ್ಕಿದ್ದು ಹಾಕುವುದು ಡೆಕ್ ಕೆಲಸದಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು. ಕಂಬದ ಸುತ್ತ ಕಾಂಕ್ರೀಟ್ ಹಾಕುವುದೂ ಗಟ್ಟಿತನಕ್ಕೆ ಎಂದೇ. ಆದರೆ ಮರ ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಅದಕ್ಕೂ ನಡುವೆ ಕೂದಲೆಳೆಯ ಬಿರುಕು ಬೀಳುತ್ತದೆ. ಮಳೆನೀರು ಅದರೊಳಗೆ ಇಳಿದು ಬಟ್ಟಲಿನಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಕಂಬ ಕೊಳೆಯುವುದು ಸರಿಯಾಗಿ ಆ ಕಾಂಕ್ರೀಟಿನ ಕೊರಳಲ್ಲಿ, ಮೇಲಿನಿಂದ ನೋಡಿದರೆ ಏನೂ ಗೊತ್ತಾಗದಂತೆ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಗೋಣಿಚೀಲ ಹೊಲಿಯುವ ದಬ್ಬಳ ನಿಮ್ಮಲ್ಲಿ ಇರುತ್ತದೆ. ಟಾರ್ಚ್ ಹಿಡಿದು ಡೆಕ್ ಕೆಳಗೆ ಯಾರಾದರೂ ಹೋಗಲಿ. ಹಾವು ಚೇಳು ನೋಡಿಕೊಂಡು, ಕಾಲಿಗೆ ಬೂಟು ಹಾಕಿಕೊಂಡು. ಪ್ರತಿ ಕಂಬದ ಬುಡಕ್ಕೆ, ತೊಲೆಯ ಮೇಲಂಚಿಗೆ, ಹಲಗೆಯ ತುದಿಗೆ ದಬ್ಬಳ ಒತ್ತಿ ನೋಡಲಿ. ಒಳ್ಳೆಯ ಮರದಲ್ಲಿ ಅದು ಎರಡು ಮೂರು ಮಿಲಿಮೀಟರಿಗೆ ತಡೆದು ನಿಲ್ಲುತ್ತದೆ. ಎಳೆದರೆ ಉದ್ದದ ಸಿಬಿರು ಏಳುತ್ತದೆ. ಕೊಳೆತದ್ದರಲ್ಲಿ ಬೆಣ್ಣೆಗೆ ಹೋದಂತೆ ಹೋಗುತ್ತದೆ, ಎದ್ದ ಚೂರು ಪುಡಿಯಾಗುತ್ತದೆ. ಕಂಬಕ್ಕೆ ಮಣ್ಣಿನ ಗೆರೆ ಏರಿದ್ದರೆ ಒರಲೆ. ಸಣ್ಣ ತೂತಿನ ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಮರ ಕೊರೆಯುವ ಕುಟ್ಟೆ ಹುಳು. ಎಲ್ಲೆಲ್ಲಿ ದಬ್ಬಳ ಇಳಿಯಿತೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಮುಂದೆ ಮಾಡಬೇಕಾದ್ದನ್ನು ಆ ಗುರುತುಗಳೇ ತೀರ್ಮಾನಿಸುತ್ತವೆ.

ಈಗ ನಿಮಗೆ ಬಂದ ಸಲಹೆಗಳು.

ಸುಟ್ಟ ಇಂಜಿನ್ ಆಯಿಲ್ ಬೇಡವೇ ಬೇಡ. ನಿಮ್ಮ ಆಚಾರ್ರು ಕೆಟ್ಟದ್ದು ಹೇಳುತ್ತಿಲ್ಲ, ಬೇಲಿಗೂಟಕ್ಕೆ ಬಳಿದು ನೋಡಿರುತ್ತಾರೆ. ಅದು ಸ್ವಲ್ಪ ದಿನ ನೀರು ತಡೆಯುತ್ತದೆ, ಶಿಲೀಂಧ್ರವನ್ನು ಕೊಲ್ಲುವ ಗುಣ ಮಾತ್ರ ಅದಕ್ಕಿಲ್ಲ. ಇಂಜಿನ್ ಸವೆದ ಲೋಹದ ಕಣ, ಕ್ಯಾನ್ಸರ್ ತರಬಲ್ಲ ರಾಸಾಯನಿಕ ಎಲ್ಲ ಅದರಲ್ಲಿರುತ್ತವೆ. ಮೊದಲ ಮಳೆಗೆ ಅದು ತೊಳೆದು ಹೋಗುವುದು ನಿಮ್ಮ ತೋಟಕ್ಕೆ, ಬಾವಿಗೆ. ಮೊದಲೇ ಜಾರಿ ಬಿದ್ದವರಿರುವ ಮನೆಯಲ್ಲಿ ನೆಲಕ್ಕೆ ಎಣ್ಣೆ ಬಳಿಯುವುದು ಇನ್ನೊಂದು ಅವಾಂತರ.

ಬೋರ್ಡೋ ಸಲಹೆ ಕೇಳಿ ನನಗೆ ನಗು ಬಂತು, ಆಮೇಲೆ ಯೋಚಿಸಿದರೆ ಅದರ ಹಿಂದೆ ಬುದ್ಧಿಯೂ ಇದೆ. ತಾಮ್ರ ಶಿಲೀಂಧ್ರಕ್ಕೆ ವಿಷ, ಹಾವಸೆಗೂ ವಿಷ. ಜಗತ್ತಿನಾದ್ಯಂತ ಮರ ಕಾಪಾಡಲು ಬಳಸಿದ ಸಿಸಿಎ ಎಂಬ ದ್ರಾವಣದ ಮೂಲವೂ ತಾಮ್ರವೇ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಅದನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದವರು ನಮ್ಮವರೇ ಆದ ಸೊಂಟಿ ಕಾಮೇಶಂ. ಆದರೆ ಅಲ್ಲಿ ಮರವನ್ನು ಉಕ್ಕಿನ ಸಿಲಿಂಡರಿನಲ್ಲಿಟ್ಟು ಒತ್ತಡದಿಂದ ದ್ರಾವಣವನ್ನು ಒಳಗೆ ನುಗ್ಗಿಸುತ್ತಾರೆ, ಕ್ರೋಮಿಯಂ ತಾಮ್ರವನ್ನು ನಾರಿಗೆ ಅಂಟಿಸಿ ಹಿಡಿಯುತ್ತದೆ. ಮೈಲುತುತ್ತ ಸುಣ್ಣ ಕಲಸಿ ಮೇಲೆ ಹೊಡೆದರೆ ಕೊಳೆತ ಒಳಭಾಗಕ್ಕೆ ಅದು ತಲುಪುವುದೇ ಇಲ್ಲ. ಸುಣ್ಣದ ಬಿಳಿ ಕೂರುತ್ತದೆ, ಕಬ್ಬಿಣದ ಮೊಳೆಯನ್ನು ತಾಮ್ರ ಇನ್ನೂ ಬೇಗ ತಿನ್ನುತ್ತದೆ. ಉಳಿದ ಔಷಧಿ ತೋಟಕ್ಕೇ ಹೋಗಲಿ.

ವಾರ್ನಿಶ್ ವಿಷಯದಲ್ಲಿ ನಾನೂ ಪೆಟ್ಟು ತಿಂದವನೇ. ಕೆಲಸ ಶುರುಮಾಡಿದ ಹೊಸತರಲ್ಲಿ ಒಬ್ಬರ ಮನೆಯ ಡೆಕ್‌ಗೆ ದುಬಾರಿ ಪಾಲಿಯುರೆಥೇನ್ ನಾಲ್ಕು ಕೋಟು ಹೊಡೆಸಿ ಹೆಮ್ಮೆಯಿಂದ ಫೋಟೊ ತೆಗೆದುಕೊಂಡಿದ್ದೆ. ಮರುವರ್ಷ ಹೋಗಿ ನೋಡಿದರೆ ಹಾವಿನ ಪೊರೆಯಂತೆ ಸುಲಿಯುತ್ತಿತ್ತು. ಮೇಲೆ ಪದರ ಕಟ್ಟುವ ಯಾವ ಬಣ್ಣಕ್ಕೂ ಇದೇ ಗತಿ. ಮರ ಹಿಗ್ಗಿ ಕುಗ್ಗುವಾಗ ಪದರದಲ್ಲಿ ಸೀಳು ಬೀಳುತ್ತದೆ, ಅದರಿಂದ ನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಟಾರ್ಪಾಲಿನದೂ ಅದೇ ಕಥೆ. ಮೇಲಿನ ಮಳೆ ತಡೆಯುತ್ತದೆ, ನೆಲದಿಂದ ಏಳುವ ಆವಿಯನ್ನು ಮರದ ಮೈಗೇ ಕಟ್ಟಿಹಾಕುತ್ತದೆ. ಹೊದಿಸುವುದಾದರೆ ತಲೆಗಿಂತ ಎತ್ತರದಲ್ಲಿ, ಸುತ್ತ ಗಾಳಿ ಆಡುವಂತೆ ಮಾಡು ಕಟ್ಟಿಸಿ. ಪಾಲಿಕಾರ್ಬೊನೇಟ್ ಶೀಟಾದರೂ ಸರಿ. ನಿಮ್ಮ ಮಳೆಗೆ ಇದರಷ್ಟು ಫಲ ಕೊಡುವ ಖರ್ಚು ಇನ್ನೊಂದಿಲ್ಲ ಎಂದು ನನ್ನ ಅನುಭವ.

ಬಳಿಯುವುದೇ ಆದರೆ ಪದರ ಕಟ್ಟದೆ ಮರದೊಳಗೆ ಇಳಿಯುವ ಡೆಕ್ ಎಣ್ಣೆ ಬಳಿಯಿರಿ. ಸ್ವಲ್ಪ ಬಣ್ಣ ಸೇರಿದ್ದನ್ನೇ ಆರಿಸಿ, ಬಣ್ಣದ ಕಣ ಬಿಸಿಲನ್ನು ತಡೆಯುತ್ತದೆ. ಬರೀ ಅಗಸೆ ಎಣ್ಣೆ ಬೇಡ, ನಮ್ಮ ಹವೆಗೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಇರುವ ಬಟ್ಟೆ ಗಾಳಿಯ ಜತೆ ಬೆರೆತು ತಾನೇ ಕಾದು ಹೊತ್ತಿಕೊಳ್ಳುತ್ತದೆ. ಕೊಯ್ಲಿನ ದಿನಗಳಲ್ಲಿ ಅಡಿಕೆ ಸಿಪ್ಪೆಯ ರಾಶಿ ಪಕ್ಕದಲ್ಲೇ ಇರುತ್ತದೆ! ಬಟ್ಟೆಯನ್ನು ನೀರಲ್ಲಿ ಅದ್ದಿಡಿ, ಇಲ್ಲವೇ ಹಗ್ಗದ ಮೇಲೆ ಬಿಡಿಸಿ ಹಾಕಿ. ಕರಾವಳಿಯವರು ದೋಣಿಗೆ, ಮಾಡಿನ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಅದು ನಿಜವಾಗಿಯೂ ಒಳ್ಳೆಯ ರಕ್ಷಕ, ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಬರಿಗಾಲಲ್ಲಿ ನಡೆಯುವ ಹಲಗೆಗೆ ಅಲ್ಲ, ಕೆಳಗಿನ ತೊಲೆಗೆ ಬಳಸಬಹುದು, ಕೈಗವಸು ಹಾಕಿಕೊಂಡು.

ಹಾವಸೆಗೆ ಮದ್ದು ಉಜ್ಜುವುದು. ಸೋಪುನೀರು, ತೆಂಗಿನ ನಾರಿನ ಅಥವಾ ನೈಲಾನ್ ಬ್ರಶ್ಶು, ಹಲಗೆಯ ಉದ್ದಕ್ಕೆ. ತಂತಿ ಬ್ರಶ್ ಬೇಡ, ಅದರ ಚೂರು ಸಿಕ್ಕಿಕೊಂಡರೆ ಮತ್ತೆ ಕಪ್ಪು ಚುಕ್ಕೆ. ಕಾರು ತೊಳೆಯುವ ಪ್ರೆಶರ್ ಯಂತ್ರವನ್ನು ಹತ್ತಿರ ಹಿಡಿದರೆ ಮೆದು ನಾರು ಕಿತ್ತು ಬಂದು ಮುಂದಿನ ವರ್ಷ ಹಾವಸೆ ಹಿಡಿಯಲು ಇನ್ನೂ ಒಳ್ಳೆಯ ಜಾಗವಾಗುತ್ತದೆ. ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲ, ಲೀಟರ್ ನೀರಿಗೆ ಸುಮಾರು 50 ಗ್ರಾಂ. ಹಚ್ಚಿ ಕಾಲು ಗಂಟೆ ಬಿಟ್ಟು ಚೆನ್ನಾಗಿ ತೊಳೆಯಬೇಕು. ಅದು ವಿಷ, ಮಕ್ಕಳು ದನಕರು ಹತ್ತಿರ ಬರದಂತೆ ನೋಡಿಕೊಳ್ಳಿ. ಅಂಗಳಕ್ಕೆ ಹಾಕುವ ಬ್ಲೀಚಿಂಗ್ ಪೌಡರ್ ಜತೆಗೆ ಅದನ್ನು ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಂದೇ ದಿನ ಒಂದೇ ಜಾಗದಲ್ಲಿ ಬಳಸಲೇಬೇಡಿ. ಮಳೆಗಾಲದಲ್ಲಿ ಮಾವನವರು ಓಡಾಡುವ ದಾರಿಗೆ ಮಾತ್ರ ಅಡಿಕೆ ದಬ್ಬೆ ಅಡ್ಡಡ್ಡ ಬಡಿಸಿ, ಅಥವಾ ಜಾರದ ರಬ್ಬರ್ ಪಟ್ಟಿ ಹಾಕಿಸಿ. ನಾಲ್ಕು ತಿಂಗಳು ಪೂರ್ತಿ ಡೆಕ್ ಬಳಸಲೇಬೇಕೆಂದು ಯಾರೂ ಹೇಳಿಲ್ಲ.

ಉಳಿದದ್ದು ದುರಸ್ತಿಯೋ, ಬದಲಿಯೋ ಎಂಬ ಪ್ರಶ್ನೆ. ಸೀಮೆಸುಣ್ಣದ ಗುರುತು ಬರೀ ಎರಡು ಮೂರು ಹಲಗೆಯಲ್ಲಿದ್ದರೆ ಅವನ್ನು ಬದಲಿಸಿ, ಉಳಿದವನ್ನು ಸ್ಕ್ರೂ ಹಾಕಿ ಸಂದಿ ಬಿಟ್ಟು ಮರುಜೋಡಿಸಿದರೆ ಸಾಕು. ತೊಲೆಗಳಲ್ಲೂ ಗುರುತಿದ್ದರೆ, ಇದೇ ಹೆಚ್ಚು ಸಂಭವ, ಹಲಗೆಗಳನ್ನೆಲ್ಲ ಬಿಚ್ಚಿಟ್ಟು ಕೆಳಗಿನ ಕಟ್ಟನ್ನೇ ಹೊಸದು ಮಾಡಬೇಕು. ನಾನಾದರೆ ಅಲ್ಲಿ ಗ್ಯಾಲ್ವನೈಸ್ ಮಾಡಿದ ಉಕ್ಕಿನ ಚೌಕ ಕೊಳವೆ ಹಾಕಿಸುತ್ತೇನೆ, ಕೇಂದ್ರದಿಂದ ಕೇಂದ್ರಕ್ಕೆ 400 ಮಿಲಿಮೀಟರ್ ಅಂತರದಲ್ಲಿ, ಬೆಸುಗೆ ಬಿದ್ದಲ್ಲೆಲ್ಲ ಝಿಂಕ್ ಬಣ್ಣ ಬಳಿದು. ಮರವೇ ಬೇಕೆಂದರೆ ಕಿರಾಲುಭೋಗಿಯಂಥ ಗಟ್ಟಿ ಮರದ ಚೇಗು ಸಿಕ್ಕರೆ ಒಳ್ಳೆಯದು, ತೊಲೆಯ ಮೇಲಂಚಿಗೆ ಡಾಂಬರು ಪಟ್ಟಿ ಅಂಟಿಸಬೇಕು. ಸಿಸಿಎ ಹಾಕಿದ ಮರ ನಮ್ಮಲ್ಲಿ ಸಿಗುತ್ತದೆ. ಆದರೆ ಆರ್ಸೆನಿಕ್ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯಿಂದ ಅದನ್ನು ಹಿಂದೆಗೆದುಕೊಂಡರು. ಅದರ ಚೂರನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ನಮ್ಮಲ್ಲಿ ಇರುವುದರಿಂದ ನಾನು ಮನೆಗಳಿಗೆ ಹೇಳುವುದಿಲ್ಲ.

ಕಂಬದ ಬುಡ ಕೊಳೆತಿದ್ದರೆ ಜಾಕ್ ಕೊಟ್ಟು ಡೆಕ್ ಎತ್ತಿ ಹಿಡಿದು, ಕೊಳೆತ ಭಾಗ ಕೊಯ್ದು, ಕೆಳಗೆ ಕಲ್ಲಿಟ್ಟು, ಅದರ ಮೇಲೆ ಮರ ಒಂದಿಂಚಾದರೂ ಎತ್ತರದಲ್ಲಿ ಕೂರುವಂತೆ ಲೋಹದ ಪಾದ ಕೂರಿಸಬೇಕು. ಇದು ಅನುಭವಸ್ಥರ ಕೆಲಸ, ಒಂದೊಂದೇ ಕಂಬ. ಡೆಕ್‌ನ ಒಂದು ಬದಿಯನ್ನು ಮನೆಯ ಗೋಡೆಗೆ ಬೋಲ್ಟ್ ಹಾಕಿ ನೇತುಹಾಕಿದ್ದಾರೆಯೇ ಎಂದೂ ನೋಡಿ. ಮಣ್ಣಿನ ಗೋಡೆಗಾಗಲಿ ಜಂಬಿಟ್ಟಿಗೆಗಾಗಲಿ ಆ ಬೋಲ್ಟನ್ನು ನಂಬಬೇಡಿ, ಆ ಬದಿಗೂ ಕಂಬ ಕೊಡಿಸಿ.

ಮಗ ಹೇಳುವ ಡಬ್ಲ್ಯುಪಿಸಿಯಲ್ಲಿ ಹುರುಳಿಲ್ಲ ಎನ್ನಲಾರೆ. ಒರಲೆ ಕಾಟ ಕಡಿಮೆ, ಎಣ್ಣೆ ಬಳಿಯುವ ಕೆಲಸವಿಲ್ಲ. ಆದರೆ ಅದರ ಮೇಲೂ ಹಾವಸೆ ಬೆಳೆಯುತ್ತದೆ, ಏಪ್ರಿಲ್ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ, ಟೊಳ್ಳು ಹಲಗೆಯ ಮೇಲೆ ಭಾರ ಬಿದ್ದರೆ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಕೂರುವುದು ಈಗಿನ ತೊಲೆ ಕಂಬಗಳ ಮೇಲೇ. ಅವು ಕೊಳೆತಿದ್ದರೆ ಮೇಲೆ ಪ್ಲಾಸ್ಟಿಕ್ಕಿದ್ದರೇನು, ಬಂಗಾರವಿದ್ದರೇನು? ನಿಮ್ಮ ತೇಗದ ಹಲಗೆಗಳಲ್ಲಿ ಮುಕ್ಕಾಲು ಪಾಲು ಇನ್ನೂ ಹದಿನೈದು ವರ್ಷಕ್ಕೆ ಮೋಸವಿಲ್ಲ ಎಂದೇ ನನಗನ್ನಿಸುತ್ತದೆ. ಬಿಳಿ ಅಂಚು ಕೊಯ್ಸಿ ತೆಗೆದರೆ ಸ್ವಲ್ಪ ಕಿರಿದಾಗಬಹುದು, ಅಷ್ಟೇ.

ವರ್ಷದ ಕೆಲಸ ಹೆಚ್ಚೇನಿಲ್ಲ. ಸ್ವಾತಿ ಮಳೆ ಮುಗಿದ ಮೇಲೆ ತೊಳೆದು ಸಂದಿಯ ಕಸ ತೆಗೆದು ದಬ್ಬಳದ ಪರೀಕ್ಷೆ. ಸಂಕ್ರಾಂತಿಯಿಂದ ಶಿವರಾತ್ರಿಯ ನಡುವೆ, ಮರ ಪೂರ್ತಿ ಒಣಗಿದಾಗ, ಬೆಳಗಿನ ಹೊತ್ತು ಎಣ್ಣೆ. ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ, ಮಣಿಯಂತೆ ನಿಂತರೆ ಈ ವರ್ಷ ಎಣ್ಣೆ ಬೇಕಿಲ್ಲ, ಹೀರಿಕೊಂಡರೆ ಬೇಕು. ರೋಹಿಣಿ ಮಳೆಗೆ ಮುಂಚೆ ಕೊಯ್ದ ತುದಿಗಳಿಗೆ ಮಾತ್ರ ಇನ್ನೊಂದು ಸಲ, ಅಲ್ಲಿ ಧಾರಾಳವಾಗಿ. ಹೂಕುಂಡಗಳನ್ನು ನೇರ ಹಲಗೆಯ ಮೇಲೆ ಇಟ್ಟಿದ್ದರೆ ತೆಗೆದು ಕಾಲಿನ ಮೇಲಿಡಿ.

ಎಣ್ಣೆ ಬಳಿದ ಡೆಕ್ ಮೇಲೆ ಮುಂದೆಯೂ ಅಡಿಕೆ ಹರವುವುದು ಬೇಡ, ಬಾಯಿಗೆ ಹೋಗುವ ವಸ್ತು ಅದು. ಎಣ್ಣೆ ಬಳಿಯದೆ ಬರೀ ಮರವಾಗಿಯೇ ಬಿಡುತ್ತೇನೆ ಅಂದರೆ ಚಾಪೆ ಹಾಸಿ ಹರವಬಹುದು, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿದ ಮೇಲೆ ಚೊಗರು ಸೋರಿದರೂ ಕಪ್ಪಾಗುವುದಿಲ್ಲ. ಯಾವುದು ಬೇಕೆಂದು ಕಂಬದ ಬುಡ ನೋಡಿದ ಮೇಲೆ ಬರೆಯಿರಿ, ಗುರುತು ಹಾಕಿದ ಜಾಗಗಳ ಫೋಟೊ ಜತೆಗಿರಲಿ.